ಎಂಟರ ಬಸ್ಸಿನ ಮುಂದ ಸಾತವ್ವ

ಸಾತವ್ವ ಬಸ್ಸಿಗೆ ಕೈ ಮಾಡೂದಿಲ್ಲ. ಸೀದಾ ರಸ್ತೆ ನಡುವ ಹೋಗಿ ನಿಂದ್ರತಾಳ. ಸೀರಿ ಮ್ಯಾಲ ಗಂಡ ಭೀಮರಾಯನ ಹಳೇ ಉದ್ದ ತೋಳಿನ ಅಂಗಿ ಹಾಕ್ಕೊಂಡು, ಟೊಂಕದಾಗ ಕುಡಗೋಲ ಸಿಗಿಸ್ಕೊಂಡು, ಎರಡೂ ಕಾಲ ಅಗಲ ಮಾಡಿ ನಿಂತಳಂದ್ರ ಡ್ರಾಯವರ ಹಾರ್ನ್ ಹೊಡದ್ರೂ ಸರಿಯಂಗಿಲ್ಲ, ಬೈದ್ರೂ ಇಲ್ಲ. ಬಸ್ಸು ನಿಂತ ಮ್ಯಾಲ ಬಾಜೂ ಸರದು ಮಗಳಿಗೆ "ಹತ್ತ ನಂದಿನಿ" ಅಂತಾಳ. ಅಷ್ಟ.

ಮೂಡಲಗಿ–ಗೋಕಾಕ ರಸ್ತೆದಾಗ ನಮ್ಮೂರಿಗೆ ಹೊರಳೂ ಫಾಟಾ ಐತಿ. ಅಲ್ಲೇ ನಂದು ಪಂಕ್ಚರ್ ಅಂಗಡಿ. ಎಂಟರ ಬಸ್ಸು ಮೊದಲ ಊರಾಗ ಹೋಗಿ ನಿಂದ್ರತೈತಿ. ಅಲ್ಲಿ ನನ್ನ ಮಗಳು ಮೇಘಾ ಹತ್ತತಾಳ, ಕಿಡಕಿ ಬಾಜೂ ಕುಂದ್ರತಾಳ. ಆಮ್ಯಾಲ ಹೊರಳಿ ಫಾಟಾಕ್ಕ ಬರತೈತಿ. ಅಲ್ಲಿ ಬಾಜೂ ಕೇರಿ ಹುಡುಗ್ಯಾರು, ನಂದಿನಿ ಅಂಥಾವ್ರು, ನಿಂತಿರತಾರ. ಬೋರ್ಡ್ ಐತಿ, ನಿಂದ್ರಬೇಕಂತ ಕಾಯ್ದೆ ಐತಿ. ಆದ್ರ ಮನಸ್ಸಿಗೆ ಬಂದ್ರ ನಿಂದ್ರತೈತಿ, ಇಲ್ಲಾಂದ್ರ ಧೂಳ ಎಬ್ಬಿಸಿ ಹೋಗತೈತಿ. ಮುಂದಿನ ಬಸ್ಸು ಹನ್ನೊಂದಕ್ಕ. ಅಷ್ಟರಾಗ ಕಾಲೇಜು ಅರ್ಧಾ ಮುಗದಿರತೈತಿ.

"ಫುಕಟ್ ಹೋಗಾವ್ರಿಗೆ ಎಷ್ಟ ಕಡೆ ನಿಂದ್ರಸೂದ್ರಿ?" ಅಂತ ಕಂಡಕ್ಟರ ಒಮ್ಮೆ ನನ್ನ ಮುಂದ ಅಂದ. ಊರಾಗ ಹತ್ತೂ ಹೆಣ್ಮಕ್ಕಳೂ ಫುಕಟ್ಟ ಹೋಗತಾರ. ಅದನ್ನ ನಾ ಅವತ್ತ ಅನಲಿಲ್ಲ.

ಸಾತವ್ವಂದು ತವರು ಹುಕ್ಕೇರಿ ಕಡೆ. ಕಬ್ಬಿನ ಸಾಲ ದಾಟಿದಂಗ ಮೊಣಕಾಲ ಎತ್ತಿ ಎತ್ತಿ ನಡಿತಾಳ, ಡಾಂಬರ ಮ್ಯಾಲೂ ಹಂಗ. ಸಾಲಿ ಕಂಡಾಕಿ ಅಲ್ಲ, ಆದ್ರ ಮಾತ ಮಾತಿಗೆ "ಬರಕೋ" ಅಂತಾಳ.

"ನಿನ್ನ ಗಾಳಿ ಪಂಪ ಇನ್ನ ಎಂಟ ದಿನ ಬಾಳಿಕಿ ಬರೂದಿಲ್ಲ ವೀರಪ್ಪಣ್ಣ, ಬರಕೋ."

"ಎಲ್ಲಿ ಬರಕೊಳ್ಳಲಿ ಬೇ?"

"ನಿನ್ನ ಬೋಳತಲಿ ಮ್ಯಾಲ. ಜಾಗಾ ಭಾಳ ಐತಿ."

ನಂದಿನಿದು ಬಿ.ಎ. ಕಡೀ ವರ್ಷ. ಪರೀಕ್ಷಾಕ ಒಂದ ವಾರ ಇರೂ ಮುಂದ ಕಾಲೇಜಿನಾಗ ಪಟ್ಟಿ ಹಚ್ಚಿದ್ರು. ಹಾಜರಿ ಕಡಿಮಿ ಇದ್ದವ್ರಿಗೆ ಪರೀಕ್ಷಾ ಇಲ್ಲ. ಅದರಾಗ ನಂದಿನಿ ಹೆಸರು. ಸಾತವ್ವ ಹೊತ್ತ ಮೂಡೂದ್ರಾಗ ದೂರದ ಹೊಲಕ್ಕ ಕೂಲಿ ಹೋದ ದಿನ ರಸ್ತೆದಾಗ ನಿಂದ್ರಾವ್ರು ಯಾರೂ ಇರತಿರಲಿಲ್ಲ. ಹುಡುಗಿ ಕೈ ಮಾಡಿ ಓಡತಿತ್ತು, ಬಸ್ಸು ಹೋಗಿಬಿಡತಿತ್ತು. ಅಂಥಾವು ನಲವತ್ತ ದಿನ ಆಗಿದ್ದವು.

ನಾ ಏಳನೇತ್ತೆ ಕಲತಾಂವ ಅಂತ ಸಾತವ್ವ ನನ್ನನ್ನೂ ಗೋಕಾಕದ ಕಾಲೇಜಿಗೆ ಕರಕೊಂಡ ಹೋದಳು. ಆಫೀಸಿನ ಟೇಬಲ್ ಮ್ಯಾಲ ಚೀಲ ಸುರವಿದ್ಲು. ಆರು ತಿಂಗಳದ ಫ್ರೀ ಟಿಕೆಟ್. ಒಂದೂ ಒಗದಿರಲಿಲ್ಲ. ಅರ್ಧಾ ಅಕ್ಷರ ಅಳಸಿ ಬೆಳ್ಳಗಾಗಿದ್ದವು.

ಕ್ಲಾರ್ಕ್ ಗಜಾನನ ಅಂದ, "ಇವು ಬಂದ ದಿನದ್ದವ್ವಾ. ಬರದಿದ್ದ ದಿನದ್ದ ಏನೈತಿ?"

"ಬಸ್ಸು ನಿಂದ್ರಲಿಲ್ರಿ. ಬರಕೋರಿ."

"ನಿಂದ್ರಲಿಲ್ಲ ಅನ್ನಾಕ ಕಾಗದ ಏನೈತಿ?"

"ನಿಂದ್ರದ ಬಸ್ಸು ಟಿಕೆಟ್ ಹರದ ಕೊಡತೈತೇನ್ರಿ ಸಾಹೇಬ್ರ?"

ಅವನ ಹಿಂದ ಗ್ವಾಡಿಗೆ ಒಂದು ದೊಡ್ಡ ಬೋರ್ಡ್. ದೇಶದಾಗ ಹೆಣ್ಮಕ್ಕಳು, ಹಿಂದುಳಿದ ಮಂದಿ ಕಾಲೇಜು ಸೇರೂದು ವರ್ಷಾ ವರ್ಷಾ ಏರಾಕತ್ತೈತಿ ಅಂತ ಕೆಂಪ ಗೆರಿ ಮ್ಯಾಲ ಹೋಗಿತ್ತು. ಸಾತವ್ವ ಏನದು ಅಂದ್ಲು. ಓದಿ ಹೇಳಿದೆ.

"ಅದರಾಗ ನಮ್ಮ ನಂದಿನಿ ಅದಾಳೇನ್ರಿ?"

"ಅದಾಳಲ್ಲವ್ವಾ. ಭರತಿ ಆಗ್ಯಾಳಲ್ಲ."

"ಅಂದ್ರ ಬೋರ್ಡಿಗೆ ಬೇಕು, ಪರೀಕ್ಷಾಕ ಬ್ಯಾಡ?"

ಗಜಾನನ ಕೆಟ್ಟ ಮನಷ್ಯಾ ಅಲ್ಲ. ದನಿ ಇಳಿಸಿ ಹೇಳಿದ, "ಡಾಕ್ಟರ್ ಸರ್ಟಿಫಿಕೇಟ್ ತಾ. ನಲವತ್ತ ದಿನ ಜಡ್ಡಿತ್ತಂತ ಬರಸು. ಜಡ್ಡಿದ್ರ ಬಿಡಾಕ ಬರತೈತಿ. ಬಸ್ಸು ನಿಂದ್ರಲಿಲ್ಲಂದ್ರ ಬರೂದಿಲ್ಲ."

"ನನ್ನ ಮಗಳು ಕಲ್ಲ ಇದ್ದಂಗ ಅದಾಳ. ಜಡ್ಡ ಬಸ್ಸಿಗೆ. ಅದನ್ನ ಬರಕೋರಿ." ಟಿಕೆಟ್ ಬಳಕೊಂಡು ಹೊರಗ ಬಂದ್ಲು.

ಮನಿಗೆ ಬಂದು ಮೇಘಾನ ಕೇಳಿದೆ. "ದಿನಾ ಆ ಬಸ್ಸಿನಾಗ ನೀ ಇರತಿದ್ದಿ. ನಂದಿನಿ ಓಡಿ ಬರೂದು ಕಾಣತಿರಲಿಲ್ಲ?"

"ಕಾಣತಿತ್ತಪ್ಪಾ."

"ಮತ್ತ ಯಾಕ ಒದರಲಿಲ್ಲ?"

"ಯಾರೂ ಒದರತಿರಲಿಲ್ಲ. ನೀನೂ ಅಂಗಡ್ಯಾಗ ಕುಂತಿರತಿದ್ದಿಯಲ್ಲಾ."

ಮರುದಿನ ಬಸ್ಸು ನಿಂದ್ರತಿರಲಿಲ್ಲ ಅಂತ ಇದ್ದದ್ದ ಇದ್ದಂಗ ಮೇಘಾ ಕಾಗದದಾಗ ಬರದ್ಲು, ನಾವಿಬ್ಬರೂ ಸಹಿ ಹಾಕಿ ಒಯ್ದು ಕೊಟ್ವಿ. ಗಜಾನನ ಓದಿ ತಿರಿಗಿ ಕೊಟ್ಟ. "ಕಾಕಾ, ಇದನ್ನ ಎಲ್ಲಿ ತುಂಬಲಿ? ಜಡ್ಡಿಗೆ ಕಾಲಂ ಐತಿ. ಇದಕ್ಕ ಇಲ್ಲ."

ಎರಡ ದಿನ ಸಾತವ್ವ ಡಾಕ್ಟರ್ ಸರ್ಟಿಫಿಕೇಟ್ ಒಲ್ಲೆ ಅಂದ್ಲು. ಸುಳ್ಳಿಗೆ ಹೆಬ್ಬಟ್ಟ ಒತ್ತಂಗಿಲ್ಲ ಅಂದ್ಲು. ಮೂರನೇ ದಿನ ನಂದಿನಿ ನನ್ನ ಅಂಗಡಿ ಮುಂದ ಅವ್ವನ ತಡದು ನಿಂತಳು.

"ರಸ್ತೆದಾಗ ಯಾಕ ನಿಂದ್ರತಿದ್ದಿ ಅವ್ವಾ? ನಾ ಪರೀಕ್ಷಾ ಬರೀಲಿ ಅಂತ ಹೌದಿಲ್ಲೋ? ನಾಳೆ ಕಡೀ ದಿನ. ಒತ್ತು."

ಸಾತವ್ವ ಟೊಂಕದಾಗಿನ ಕುಡಗೋಲ ತಗದು ನನ್ನ ಅಂಗಡ್ಯಾಗ ಇಟ್ಟು, "ನಡಿ" ಅಂದ್ಲು.

ಡಾಕ್ಟರ್ ನಂದಿನಿ ಕೈ ಸೈತ ಹಿಡದ ನೋಡಲಿಲ್ಲ. ಬರದ ಕೊಟ್ಟ. ಕಾಲೇಜಿನಾಗ ಪಾಲಕರ ಸಹಿ ಅಂತಿದ್ದ ಜಾಗಾದಾಗ ಸಾತವ್ವ ಹೆಬ್ಬಟ್ಟ ಇಡೂ ಮೊದಲ ಕೇಳಿದ್ಲು, "ಏನ ಬರದಾರ ವೀರಪ್ಪಣ್ಣ?"

"ಅಶಕ್ತಿ ಅಂತ."

"ಯಾರಿಗೆ?"

ನಾ ಮಸಿ ಡಬ್ಬಿ ಮುಂದ ಸರಿಸಿದೆ. ಆಕಿ ಹೆಬ್ಬಟ್ಟ ಒತ್ತಿ, ಮಸಿ ಒರಸೂದನ್ನೂ ಮರತು ಮೆಟ್ಟಲ ಇಳದ್ಲು.

ನಂದಿನಿ ಪರೀಕ್ಷಾ ಬರದ್ಲು. ಈಗ ಕಾಗದದಾಗ ಎಲ್ಲಾ ಸರಿ ಐತಿ. ಬಸ್ಸು ದಿನಾ ನಿಂತೈತಿ, ಕಾಲೇಜು ತಪ್ಪ ಮಾಡಿಲ್ಲ, ಬೋರ್ಡಿನ ಗೆರಿ ಏರೈತಿ. ಹುಡುಗಿ ಒಬ್ಬಾಕಿ ಜಡ್ಡಿನಾಕಿ, ಅದಕ್ಕ ಹೆಬ್ಬಟ್ಟ ಒತ್ತಿದ ಅವರವ್ವ ಒಬ್ಬಾಕಿ ಸುಳ್ಳಿ.

ಸಾತವ್ವನಂಥಾವ್ರ ಹತ್ರ ಕಾಗದ ಇರೂದಿಲ್ಲ, ಇದ್ದದ್ದ ಹೇಳೂ ನಾಲಿಗಿ ಒಂದ ಇರತೈತಿ. ಮಕ್ಕಳು ಒಳಗ ಹೋಗಬೇಕಂದ್ರ, ಚಪ್ಪಲಿ ಬಿಡಿಸಿದಂಗ, ಆ ನಾಲಿಗಿನ್ನೂ ಬಾಗಲದಾಗ ಬಿಡಿಸಿ ಒಳಗ ಬಿಡತಾರ. ಬಿಡಿಸಿದವ್ರಿಗೆ ನಾಚಿಕಿ ಇಲ್ಲ. ಬಿಟ್ಟವ್ರ ತಲಿ ತೆಗ್ಗಿಸಿ ಹೋಗತಾರ. ಎಲ್ಲಾ ಕಂಡೂ ಕುಂತಿದ್ದ ನಮ್ಮಂಥಾವ್ರು, ಆಮ್ಯಾಲ ಅವ್ರ ಧೈರ್ಯದ ಬಗ್ಗೆ ಮಾತಾಡತೇವಿ.