ಜೋಡಿ ಬಿಡಬಾರದೆಂದು

2009ರ ಮಳೆಗಾಲದಲ್ಲಿ ವಾಮದಪದವಿನ ಮನೆಮನೆಯಲ್ಲೂ ಜ್ವರ, ಕೆಮ್ಮು. ಆ ಬೆಳಿಗ್ಗೆ ಏಳುವಾಗ ಸರಸಳ ಮೈಯೂ ಸುಡುತ್ತಿತ್ತು. ಆದರೂ ಅವಳು ಗೇರುಬೀಜದ ಫ್ಯಾಕ್ಟರಿಗೆ ಹೊರಟಳು.

"ಇವತ್ತೊಂದು ದಿನ ಮಲಗಮ್ಮ," ಎಂದಳು ಮಗಳು ನಿಖಿತಾ.

"ನಾನು ಮಲಗಿದ್ರೆ ಮೈಮೂನಮ್ಮ ಎಂತ ಮಾಡುದು?"

ಆ ಫ್ಯಾಕ್ಟರಿಯಲ್ಲಿ ಬೀಜದ ಸಿಪ್ಪೆ ತೆಗೆಯುವವರಿಗೆ ಇಬ್ಬರಿಗೊಂದು ತಟ್ಟೆ. ಎದುರುಬದುರು ಕೂತು ಸುಲಿಯಬೇಕು. ಒಬ್ಬಳು ಬಾರದಿದ್ದರೆ ಅವಳ ಜೋಡಿಯನ್ನೂ ಕೂಲಿಯಿಲ್ಲದೆ ಮನೆಗೆ ಕಳುಹಿಸುತ್ತಿದ್ದರು. ಸರಸಳ ಜೋಡಿ ಮೈಮೂನಮ್ಮ. ಅವರ ಮಗಳು ರಶೀನಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮನೆಯಲ್ಲಿ ಖರ್ಚಿನ ಕಾಲ.

"ಬಂದಿಯಲ್ಲ, ಬಚಾವಾದೆ ಮಾರಾಯ್ತಿ!" ಎಂದು ಮೈಮೂನಮ್ಮ ನಕ್ಕರು. "ಮುಖ ನೋಡು, ಹುರಿದ ಬೀಜದ ಹಾಗೆ ಉಂಟು."

ಸರಸ ದಿನವಿಡೀ ಸೆರಗಿನಲ್ಲಿ ಕೆಮ್ಮಿದಳು. ಮಧ್ಯಾಹ್ನ ಮೈಮೂನಮ್ಮ ತಮ್ಮ ಬುತ್ತಿಯ ಅಕ್ಕಿರೊಟ್ಟಿ ಮುರಿದು ಅವಳ ಬಾಯಿಗೇ ಇಟ್ಟರು.

ವಾರ ಕಳೆಯುವುದರೊಳಗೆ ಮೈಮೂನಮ್ಮ ಜ್ವರ ಹಿಡಿದು ಮಲಗಿದರು. ಆಮೇಲೆ ರಶೀನಾ. ಅವಳಿಗೆ ಉಸಿರಾಡಲೂ ಕಷ್ಟವಾಗಿ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ದರು. ರಶೀನಾ ಉಳಿದಳು. ಹೊಟ್ಟೆಯೊಳಗಿನ ಮಗು ಉಳಿಯಲಿಲ್ಲ.

ರಶೀನಾ ಆಸ್ಪತ್ರೆಯಿಂದ ಬಂದ ಮೇಲೆ ಸರಸ ಹೆದರುತ್ತಲೇ ಮೈಮೂನಮ್ಮನವರ ಮನೆಯ ಮೆಟ್ಟಿಲು ಹತ್ತಿದಳು. ರಶೀನಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆರೋಗ್ಯ ಕೇಂದ್ರದ ಲಿಲ್ಲಿ ಸಿಸ್ಟರ್ ಪಕ್ಕದಲ್ಲಿ ಕೂತಿದ್ದರು.

"ನಾನೇ ತಂದುಕೊಟ್ಟೆ ಅಲ್ವಾ ಸಿಸ್ಟರ್?"

"ಯಾರಿಂದ ಬಂತು ಅಂತ ಹೇಳ್ಲಿಕ್ಕೆ ಆಗುದಿಲ್ಲ ಸರಸಕ್ಕ. ಆದ್ರೆ ಒಬ್ಬರು ಕೆಮ್ಮಿದ್ರೆ ಈ ಜ್ವರ ಇನ್ನೊಬ್ಬರಿಗೆ ಹೋಗ್ತದೆ. ಬಸುರಿಯರಿಗೆ ತುಂಬ ಅಪಾಯ. ಜ್ವರ ಬಂದವರು ಮನೆಯಲ್ಲೇ ಇರಿ ಅನ್ನುದು ಅದಕ್ಕೇ."

"ಮನೆಯಲ್ಲಿದ್ರೆ ಒಲೆ ಉರಿಯಬೇಕಲ್ಲ?"

"ನಿಮಗೆ ಫ್ಯಾಕ್ಟರಿಯಿಂದ ಇ.ಎಸ್.ಐ. ವಿಮೆಯ ಕಾರ್ಡ್ ಉಂಟಲ್ಲ? ಅವರ ಡಾಕ್ಟರ ಸರ್ಟಿಫಿಕೇಟ್ ಕೊಟ್ರೆ ಕಾಯಿಲೆಯ ರಜೆಗೂ ಸಂಬಳದ ಒಂದು ಪಾಲು ಸಿಗ್ತದೆ. ಅದು ನಿಮ್ಮ ಹಕ್ಕು."

ಕಾರ್ಡು ಇದ್ದದ್ದು ಹೌದು. ಅದು ಹೆರಿಗೆಗೆ ಮಾತ್ರ ಎಂದು ಸರಸ ತಿಳಿದಿದ್ದಳು.

ಮೈಮೂನಮ್ಮ ಅವಳ ಕೈ ಹಿಡಿದರು. "ನೀನೊಬ್ಬಳೇ ಅಲ್ಲ. ನೀನು ಕೆಮ್ಮುವಾಗ ಮನೆಗೆ ಹೋಗು ಅಂತ ನಾನು ಹೇಳಿದೆನಾ? ತಟ್ಟೆ ತುಂಬಲಿ ಅಂತಲೇ ಕೂತೆ."

ಮುಂದಿನ ವಾರ ಸರಸಳ ಗಂಡ ನಿತ್ಯಾನಂದನಿಗೆ ಜ್ವರ. ಅವನು ಪುಂಜಾಲಕಟ್ಟೆಯ ಹೋಟೆಲಿನಲ್ಲಿ ಸಪ್ಲೈಯರ್. ಅಂಗಿ ಹಾಕಿ ಹೊರಟೇಬಿಟ್ಟ.

"ಜ್ವರಕ್ಕೆಲ್ಲ ಮಲಗಲಿಕ್ಕೆ ನಾನೆಂತ ಜಮೀನ್ದಾರನಾ? ಹೋಟೆಲಿನ ಧನಿ ಸಂಬಳ ಹಿಡೀತಾರೆ."

"ನೀವು ಬಡಿಸಿದ್ದನ್ನು ಎಷ್ಟು ಮನೆಯವರು ತಿಂತಾರೆ?" ಸರಸ ಬಾಗಿಲಿಗೆ ಅಡ್ಡ ನಿಂತಳು. "ಆ ಮಗುವಿಗೆ ಒಂದು ಹೆಸರಿಡ್ಲಿಕ್ಕೂ ಆಗ್ಲಿಲ್ಲ. ನೀವು ಮಲಗಿ. ಧನಿಯ ಹತ್ರ ನಾನು ಮಾತಾಡ್ತೇನೆ."

ನಿತ್ಯಾನಂದ ಬಾಗಿಲಿನಿಂದ ಹಿಂದೆ ಸರಿದ. ಆಮೇಲೆ ಅಂಗಿ ಕಳಚಿ ಚಾಪೆ ಬಿಡಿಸಿದ. ಸರಸ ಕೊಡೆ ಹಿಡಿದು ಪುಂಜಾಲಕಟ್ಟೆಯ ಬಸ್ಸಿಗೆ ಹೊರಟಳು.

ಅಕ್ಕಂದಿರೇ, ಅಣ್ಣಂದಿರೇ, ಜ್ವರ ಬಂದರೆ ಮನೆಯಲ್ಲೇ ಇರಿ. ನಿಮ್ಮ ಕಾರ್ಡಿನಿಂದ ಏನೇನು ಸಿಗುತ್ತದೆಂದು ಇಂದೇ ವಿಚಾರಿಸಿ. ಕೆಲಸ ಕೊಡುವ ಧನಿಗಳೇ, ಜ್ವರದವರಿಗೆ ಸಂಬಳ ಸಹಿತ ರಜೆ ಕೊಟ್ಟು ಕಳುಹಿಸಿ. ಅವರ ಹತ್ತಿರ ಕೂತವರ ಮನೆಯಲ್ಲಿ ಒಬ್ಬ ಬಸುರಿ ಇರಬಹುದು.