ಕಲೆಯಿಲ್ಲದ ಸುತ್ತುಗಳು

"ಬಾಗಿಲು ಯಾಕೆ ಹಾಕ್ಕೊಂಡಿದ್ದೀಯ? ಮರ ಏನು ಎದ್ದು ಓಡಿಹೋಗುತ್ತಾ?" ಎನ್ನುತ್ತ ಅಪ್ಪ ಮಗಳ ಕೆಲಸದ ಶೆಡ್ಡಿನೊಳಗೆ ಬಂದೇಬಿಟ್ಟ.

ಮಗಳು ಉಪ್ಪುಕಾಗದ ಕೆಳಗಿಟ್ಟು, ಉಜ್ಜುತ್ತಿದ್ದ ಮರದ ಬಿಲ್ಲೆಯನ್ನು ಮುಚ್ಚಲು ಬಟ್ಟೆ ಹುಡುಕುವಷ್ಟರಲ್ಲಿ ಅವನು ಮೇಜಿನ ಎದುರಿಗಿದ್ದ. ಹೋದ ಬೇಸಿಗೆ ಬೆಟ್ಟಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟು ನಿಂತ ಮುದಿಮರದ ಬುಡದಿಂದ ಕೊಯ್ದದ್ದು ಅದು. ಆ ಮರದಿಂದ ಇಪ್ಪತ್ತು ಹೆಜ್ಜೆ ಆಚೆ ಅವಳ ತಮ್ಮನ ದೇಹ ಸಿಕ್ಕಿತ್ತು. ಬೆಂಕಿ ಆರಿಸಲು ಹೋದವನು, ಅಪ್ಪನ ಹಳೇ ಬೂಟು ಮೆಟ್ಟಿಕೊಂಡು ಹೋಗಿದ್ದ. ಮನೆಯ ಬಾಗಿಲ ಬಳಿ ಆ ಬೂಟಿನ ಜಾಗದಲ್ಲಿ ಇವತ್ತಿಗೂ ಯಾರೂ ಚಪ್ಪಲಿ ಬಿಡುವುದಿಲ್ಲ.

ಮರದ ವಯಸ್ಸು ಓದುವುದು ಅವಳ ಕೆಲಸ. ವರ್ಷಕ್ಕೊಂದು ಸುತ್ತು, ಬೆಂಕಿ ತಾಗಿದ ವರ್ಷ ಸುತ್ತಿನ ಅಂಚಿಗೆ ಕಪ್ಪು ಕಲೆ. ಕಲೆಗೊಂದರಂತೆ ಕೆಂಪು ಗುಂಡುಸೂಜಿ ಚುಚ್ಚಿದ್ದಳು. ಊರಿನ ನೆತ್ತಿಯ ಮೇಲೆ ಸುಡದೆ ಉಳಿದ ಇಳಿಜಾರಿಗೆ ಚಳಿ ಮುಗಿಯುವ ಮೊದಲು ಸಣ್ಣ ಬೆಂಕಿ ಹಾಕಿ, ಬೇಸಿಗೆಯ ದೊಡ್ಡ ಬೆಂಕಿಗೆ ಮೇವಾಗದಂತೆ ಮೊಳಕಾಲುದ್ದ ಬಿದ್ದಿರುವ ತರಗೆಲೆ ಕಳೆಯಬೇಕೆಂದು ಅರಣ್ಯ ಕಚೇರಿಗೆ ಬರೆದಿದ್ದಳು. ಒಪ್ಪಿಗೆಯೂ ಬಂದಿತ್ತು. ಆದರೆ ಬೆಂಕಿಪಡೆಯ ಹಳಬರು ಅಪ್ಪನ ಮುಖ ನೋಡುತ್ತಿದ್ದರು. ಮೂವತ್ತನಾಲ್ಕು ವರ್ಷ ಬೆಟ್ಟದ ಬೆಂಕಿ ಕಾವಲುಗಾರನಾಗಿದ್ದವನು ಬೇಡವೆಂದರೆ ಅವರಲ್ಲಿ ಒಬ್ಬನೂ ಕಡ್ಡಿ ಗೀರುವವನಲ್ಲ.

"ಇವೆಲ್ಲ ಯಾವ ಕಾಲದ್ದು?" ಅಪ್ಪ ಸೂಜಿಗಳ ಕಡೆ ಗದ್ದ ಎತ್ತಿದ.

"ನಿನ್ನ ಕೆಲಸಕ್ಕೆ ಮುಂಚಿನವು. ಏಳು ವರ್ಷಕ್ಕೊಂದು, ಎಂಟು ವರ್ಷಕ್ಕೊಂದು. ನೆಲದಲ್ಲೇ ಹರಿದುಹೋಗಿರೋ ಬೆಂಕಿ. ಮರ ಸಾಯ್ಲಿಲ್ಲ."

"ನಮ್ಮಮ್ಮ ಹಚ್ತಿದ್ದಳು. ಹಸುಗೆ ಎಳೆಹುಲ್ಲು ಬರ್ಲಿ ಅಂತ." ಅಪ್ಪ ಸ್ಟೂಲು ಎಳೆದುಕೊಂಡು ಕೂತ. "ಕೆಲಸ ಸಿಕ್ಕ ವರ್ಷ ಅವಳ ಕೈಯಿಂದ ಬೆಂಕಿಪೊಟ್ಟಣ ಕಿತ್ಕೊಂಡೆ. 'ದೊಡ್ಡ ಸಾಹೇಬ ಆಗ್ಬಿಟ್ಟ ನೋಡು' ಅಂತ ಬೈದಳು... ನನ್ನ ವರ್ಷ ಯಾವುವು, ತೋರಿಸು."

"ಅಪ್ಪಾ, ಮಳೆನೂ ಮೊದಲಿನ ಹಾಗಿಲ್ಲ. ಬಿಸಿಲು ಬೇರೆ..."

"ಸಮಾಧಾನ ಮಾಡ್ಬೇಡ ಕಣೇ. ತೋರಿಸು."

ಅವಳು ಕೊನೆಯ ಸೂಜಿಯಿಂದ ಹೊರಕ್ಕೆ ಪೆನ್ಸಿಲ್ಲಿನ ತುದಿ ಸರಿಸಿದಳು. ಒಂದಾದಮೇಲೊಂದು ಸುತ್ತು, ತೊಳೆದಿಟ್ಟ ಹಾಗೆ, ಕಿಡಿ ತಾಗಿದ ಗುರುತಿಲ್ಲ. "ನನ್ನ ಕಾಲದಲ್ಲಿ ಒಂದು ಕಡ್ಡಿ ಸುಡಗೊಡಲಿಲ್ಲ" ಎಂದು ಅವನು ಕಂಡವರಿಗೆಲ್ಲ ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ಆ ಬೆಳ್ಳನೆಯ ಪಟ್ಟಿ ಮುಗಿದಲ್ಲಿ ತೊಗಟೆ ಸುತ್ತಲೂ ಇದ್ದಿಲು. ಅದಕ್ಕೆ ಮಾತ್ರ ಅವಳು ಸೂಜಿ ಚುಚ್ಚಿರಲಿಲ್ಲ.

ಅಪ್ಪ ತನ್ನ ವರ್ಷಗಳ ಮೇಲೆ ಹೆಬ್ಬೆರಳಿಟ್ಟ. ಬೆರಳು ಅಷ್ಟನ್ನೂ ಮುಚ್ಚಲಿಲ್ಲ. ಇನ್ನೊಂದು ಹೆಬ್ಬೆರಳನ್ನೂ ಪಕ್ಕಕ್ಕಿಟ್ಟು ಹಾಗೇ ಕೂತ. ಹೊರಗೆ ಯಾರೋ ಗಾಡಿ ಚಾಲೂ ಮಾಡಿ, ಆರಿಸಿ, ಮತ್ತೆ ಚಾಲೂ ಮಾಡಿದರು.

"ನಾಳೆ ಗಾಳಿ ಹೇಗಿದೆ?" ಅಂದ ಕೊನೆಗೆ.

"ಇಲ್ಲವೇ ಇಲ್ಲ ಅಂತಾರೆ."

"ಕೆಳಗೆ ಮೊದಲು ಬೆಂಕಿ ದಾಟದಷ್ಟು ಅಗಲಕ್ಕೆ ನೆಲ ಕೆರೆದಿಟ್ಕೊಳ್ಳಿ. ಆಮೇಲೆ ಮೇಲಿಂದ ಹಚ್ಚಬೇಕು. ಇಳಿಯೋ ಬೆಂಕಿ ನಿಧಾನ. ನಮ್ಮಮ್ಮ ಹಾಗೇ ಮಾಡ್ತಿದ್ದಳು." ಮಗಳ ಮುಖ ನೋಡದೆ ಎದ್ದು ಹೋದ.

ಸಂಜೆ ಅವಳು ಮನೆಗೆ ಬಂದಾಗ ಬಾಗಿಲ ಬಳಿಯ ಆ ಖಾಲಿ ಜಾಗದಲ್ಲಿ ಅಪ್ಪ ಯಾರಿಂದಲೋ ಕೇಳಿ ತಂದ ಒಂದು ಜೊತೆ ಬೂಟು ಇತ್ತು, ಅವಳ ಕಾಲಿಗೆ ಎರಡು ನಂಬರು ದೊಡ್ಡದು. ಒಂದರೊಳಗೆ ಬೆಂಕಿಪೊಟ್ಟಣ, ಇಬ್ಬನಿ ತಾಗದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿತ್ತು.