ರೈಟಮ್ಮ ಇಳಿಯಲಿಲ್ಲ

ಮಗಳು ಚಪ್ಪಲಿಯ ಹಿಮ್ಮಡಿಯಿಂದ ಕಿಟಕಿಯ ಚಿಲಕವನ್ನು ಕುಟ್ಟುತ್ತಿದ್ದಳು. ಅದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅವಳ ಬೆನ್ನ ಹಿಂದೆ, ಮಂಚದ ಮೇಲೆ, ಬಿಳಿ ಬಟ್ಟೆ ಹೊದ್ದು ಅಮ್ಮ ಮಲಗಿದ್ದಳು. ಸುತ್ತ ಕೂತ ಹೆಂಗಸರು ಪ್ರತಿ ಏಟಿಗೂ ಬೆಚ್ಚಿಬೀಳುತ್ತಿದ್ದರು.

"ಸಾಕು ಬಿಡೇ ಪುಟ್ಟಿ," ಎಂದಳು ಚಿಕ್ಕಮ್ಮ. "ಸತ್ತವರ ಪಕ್ಕದಲ್ಲಿ ಹೀಗಾ ಕುಟ್ಟೋದು? ಎದ್ದು ಕೂತಾಳು ನಿಮ್ಮಮ್ಮ."

"ಸೆಖೆ ಆಗ್ತಿದೆ ಚಿಕ್ಕಮ್ಮ."

"ಅವಳಿಗಿನ್ನೆಂಥ ಸೆಖೆ?"

"ಅವಳಿಗಲ್ಲ, ನನಗೆ."

ಆ ಕಿಟಕಿಯನ್ನು ಯಾರೂ ತೆಗೆದದ್ದೇ ಇಲ್ಲ. ಗೋಡೆಗೆ ಬಣ್ಣ ಹೊಡೆದಾಗಲೆಲ್ಲ ಚಿಲಕಕ್ಕೂ ಸೇರಿಸಿ ಬಳಿದು ಬಳಿದು ಅದು ಮರಕ್ಕೇ ಅಂಟಿಕೊಂಡಿತ್ತು. ಅಮ್ಮ ಬೆಳಕು ಹರಿಯುವ ಮೊದಲೇ ಡಿಪೋಗೆ ಹೋಗುವವಳು, ಕತ್ತಲಾದ ಮೇಲೆ ಬರುವವಳು. ಮಿಲ್ಲಿಗೂ ರೈಲು ನಿಲ್ದಾಣಕ್ಕೂ ಓಡಾಡುವ ಬಸ್ಸಿನಲ್ಲಿ ಕಂಡಕ್ಟರಾಗಿ ಆಯಸ್ಸು ಸವೆಸಿದವಳಿಗೆ ಮನೆಯ ಕಿಟಕಿಯಿಂದ ಏನಾಗಬೇಕು? "ರೈಟ್! ರೈಟ್!" ಎಂದು ಕೂಗುವ ಅವಳ ಗಂಟಲು ಮೂರು ಬೀದಿ ಆಚೆಗೂ ಕೇಳುತ್ತಿತ್ತು. ಅದಕ್ಕೇ ಊರವರ ಬಾಯಲ್ಲಿ ಅವಳು ರೈಟಮ್ಮ. ಅವಳ ನಿಜವಾದ ಹೆಸರು ಸಂಬಳ ಕೊಡುವ ಗುಮಾಸ್ತನಿಗೆ ಬಿಟ್ಟರೆ ಇನ್ನಾರಿಗೂ ನೆನಪಿರಲಿಲ್ಲ.

"ಆದರೂ ಪುಣ್ಯ ಮಾಡಿದ್ಲು ಬಿಡಿ," ಎಂದಳು ಪಕ್ಕದ ಮನೆಯ ದರ್ಜಿ ಹೆಂಗಸು, ಮೂಗು ಒರೆಸಿಕೊಳ್ಳುತ್ತ. "ಹೋಗೋ ಮುಂಚೆ ಮಗಳು ದೊಡ್ಡ ಊರು ತೋರಿಸಿಕೊಂಡು ಬಂದ್ಲು. ತಿಮಿಂಗಿಲದ ಮೂಳೆ ನೋಡಿದ್ಲಂತೆ, ಗೋಪುರ ನೋಡಿದ್ಲಂತೆ. ನಮ್ಮ ಮಕ್ಕಳೂ ಇದಾವೆ, ಸಂತೆಗೆ ಕರ್ಕೊಂಡು ಹೋಗು ಅಂದ್ರೆ ಮೊಬೈಲ್ ನೋಡ್ತಾವೆ."

"ಬರೀ ಊರು ನೋಡೋಕಲ್ಲ ಹೋಗಿದ್ದು," ಎಂದಳು ಚಿಕ್ಕಮ್ಮ. "ದೊಡ್ಡ ಡಾಕ್ಟರಿಗೆ ಎದೆ ತೋರಿಸೋಕೂ ಹೋಗಿದ್ರು. ಏನೂ ತೊಂದರೆ ಇಲ್ಲ, ಆಪರೇಷನ್ ಬೇಡ, ಮಾತ್ರೆ ಸಾಕು ಅಂದನಂತೆ ಆ ಮಹಾರಾಯ. ನಾಲ್ಕು ತಿಂಗಳು ತುಂಬಲಿಲ್ಲ, ನೋಡಿ ಹೇಗೆ ಮಲಗಿದಾಳೆ! ಎಂಥ ಡಾಕ್ಟರೋ ಏನೋ."

ಮಗಳು ಇನ್ನೂ ಜೋರಾಗಿ ಕುಟ್ಟಿದಳು. ಹೊಗಳಿಕೆಯ ಒಂದೊಂದು ಮಾತೂ ಅವಳಿಗೆ ಚುಚ್ಚುತ್ತಿತ್ತು. ಆ ಡಾಕ್ಟರು ಅಂಥ ಮಾತು ಆಡಿರಲೇ ಇಲ್ಲ. ಅವನ ಮುಖವನ್ನು ಅವಳೂ ನೋಡಿರಲಿಲ್ಲ, ಅಮ್ಮನೂ ನೋಡಿರಲಿಲ್ಲ.

ಚಿಲಕ ಕಿತ್ತುಕೊಂಡು ಬಂತು. ಕಿಟಕಿಯ ಬಾಗಿಲು ಹೊರಕ್ಕೆ ಬಡಿದು ಬಿಸಿಲು ಒಳಗೆ ಸುರಿಯಿತು. ಅಂಗಳದಲ್ಲಿ ಅಣ್ಣ ಫೋನನ್ನು ಕಿವಿಯಿಂದ ಇಳಿಸುತ್ತಿದ್ದ. ಬೆಳಗಿನಿಂದ ಅವನದು ಒಂದೇ ಹಠ: ಆ ಡಾಕ್ಟರಿಗೆ ಫೋನ್ ಮಾಡಿ ನೀರಿಳಿಸಬೇಕು, ಏನೂ ತೊಂದರೆ ಇಲ್ಲ ಅಂದವನ ಬಾಯಿಂದಲೇ ಉತ್ತರ ಕೇಳಬೇಕು. ಅವನು ಲಿಫ್ಟ್ ಮೆಕ್ಯಾನಿಕ್. ಒಮ್ಮೆ ದೊಡ್ಡ ಊರಿನ ಆ ಆಸ್ಪತ್ರೆಯ ಲಿಫ್ಟು ಕೆಟ್ಟು ಡಾಕ್ಟರು ಒಳಗೆ ಸಿಕ್ಕಿಕೊಂಡಾಗ ಹೊರಗೆ ತೆಗೆದವನು ಅವನೇ. ಆ ಪರಿಚಯದ ಮೇಲೆ, ಹತ್ತು ಸಲ ಕೈ ಮುಗಿದು, ಅಮ್ಮನಿಗೆ ಆ ದಿನದ ಸಮಯ ಗಿಟ್ಟಿಸಿದ್ದ.

ಕಿಟಕಿಯಲ್ಲಿ ತಂಗಿ ಕಂಡಳು. ಅವನು ಕೂಗಾಡಲಿಲ್ಲ. "ಹೊರಗೆ ಬಾ," ಎಂದ.

ಅವಳು ಕಿತ್ತುಬಂದ ಚಿಲಕವನ್ನು ಕೆಳಗಿಟ್ಟಳು. ಚಪ್ಪಲಿ ಮೆಟ್ಟಿಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದಳು. ಅಣ್ಣ ನೀರಿನ ತೊಟ್ಟಿಯ ಪಕ್ಕ ನಿಂತಿದ್ದ.

"ಡಾಕ್ಟರು ನನ್ನನ್ನೇ ಕೇಳಿದ್ರು," ಎಂದ. "'ನಿಮ್ಮ ತಾಯಿ ಅವತ್ತು ಬರಲೇ ಇಲ್ವಲ್ಲಪ್ಪಾ, ನಾನು ಕಾದಿದ್ದೆ' ಅಂದ್ರು. ಏನೇ ಇದು? ಹೋಗ್ಲಿಲ್ವಾ ನೀವು?"

* * *

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಆ ಪ್ರವಾಸಕ್ಕೆಂದು ಎರಡು ದಿನದ ರಜೆ ಹಾಕಿ ಎಲ್ಲವನ್ನೂ ಜೋಡಿಸಿಟ್ಟಿದ್ದಳು. ಮೊದಲ ದಿನ ಬೆಳಗ್ಗೆ ವಸ್ತುಸಂಗ್ರಹಾಲಯ, ಮಧ್ಯಾಹ್ನ ಆಸ್ಪತ್ರೆ, ಮರುದಿನ ಗೋಪುರ. ಆಸ್ಪತ್ರೆ ಒಂದೇ ಎಂದರೆ ಅಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಊರು ನೋಡೋಣ ಎಂದಾಗ ಮಾತ್ರ ಮಕ್ಕಳ ಹಾಗೆ ಹೊರಟು ನಿಂತಿದ್ದಳು.

ತಿಮಿಂಗಿಲದ ಅಸ್ಥಿಪಂಜರದ ಉದ್ದಕ್ಕೂ ನಡೆದು, ಏದುಸಿರು ಬಿಡುತ್ತ, ಅಮ್ಮ ತೀರ್ಪು ಕೊಟ್ಟಳು: "ನಮ್ಮ ಬಸ್ಸಿಗಿಂತ ಉದ್ದ ಇದೆ ಕಣೆ. ಇಷ್ಟು ದೊಡ್ಡದಕ್ಕೆ ಮುಂದೆ ಒಂದೇ ಬಾಗಿಲು. ರಷ್ ಆದ್ರೆ ಏನು ಗತಿ?"

ಪಕ್ಕದಲ್ಲಿದ್ದ ಕಾವಲುಗಾರ ನಕ್ಕ. ಮಗಳಿಗೂ ನಗು ತಡೆಯಲಿಲ್ಲ.

ಆಸ್ಪತ್ರೆಯ ಕಡೆ ಹೋಗುವ ಬಸ್ಸಿನಲ್ಲಿ ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಆ ಬಸ್ಸಿಗೆ ಕಂಡಕ್ಟರೇ ಇರಲಿಲ್ಲ. ಎಲ್ಲಿಂದಲೋ ಒಂದು ಹೆಣ್ಣಿನ ಧ್ವನಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತಿತ್ತು. "ಮಾತಾಡ್ತಾಳೆ, ಆದ್ರೆ ಮೈಯೇ ಇಲ್ವಲ್ಲೇ," ಎಂದು ಅಮ್ಮ ಮುಖ ಸಿಂಡರಿಸಿದಳು. ಆಮೇಲೆ ಮಾತು ನಿಲ್ಲಿಸಿದಳು. ನದಿ ಬಂತು, ಅದರ ಮೇಲೆ ಒಂದರ ಹಿಂದೊಂದು ಸೇತುವೆ. ಐದನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಕನ್ನಡಿ ಹಿಡಿದು ಗಡ್ಡ ಕೆರೆದುಕೊಳ್ಳುತ್ತಿದ್ದ. ಗಾಜಿನ ಅಂಗಡಿಯೊಂದರಲ್ಲಿ ನಾಯಿಗೆ ಸ್ನಾನ ಮಾಡಿಸುತ್ತಿದ್ದರು. "ಅಲ್ನೋಡು, ಅಲ್ನೋಡು," ಎಂದು ಅಮ್ಮ ಮಗಳ ತೊಡೆ ಚಿವುಟಿದಳು.

ಮಗಳು ನೋಡಿದ್ದು ಅಮ್ಮನನ್ನು. ಬಸ್ಸಿನಲ್ಲಿ ಅಮ್ಮನ ಮುಖ ಹೊರಗಡೆ ತಿರುಗಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆಗ ಆ ಮೈಯಿಲ್ಲದ ಹೆಣ್ಣು ಆಸ್ಪತ್ರೆಯ ಹೆಸರು ಹೇಳಿದಳು. ಬಸ್ಸು ನಿಂತಿತು. ಮಗಳು ಎದ್ದಳು.

"ಬಾಮ್ಮ, ಇಳಿಯೋಣ."

ಅಮ್ಮ ಏಳಲಿಲ್ಲ. "ಹೋಗ್ಲಿ ಬಿಡು," ಎಂದಳು.

"ಹೋಗ್ಲಿ ಬಿಡು ಅಂದ್ರೆ? ಅಣ್ಣ ಎಷ್ಟು ಜನರ ಕಾಲು ಹಿಡಿದಿದಾನೆ ಗೊತ್ತಾ? ಏಳು, ಬಾಗಿಲು ಹಾಕ್ಕೊಳ್ಳುತ್ತೆ."

"ಹಾಕ್ಕೊಳ್ಲಿ."

ಮಗಳು ಮಣಿಕಟ್ಟು ಹಿಡಿದು ಎಳೆದಳು. ಅಮ್ಮ ಇನ್ನೊಂದು ಕೈಯಲ್ಲಿ ಕಿಟಕಿಯ ಕಂಬಿ ಹಿಡಿದುಕೊಂಡಳು. ಜನ ತಿರುಗಿ ನೋಡಿದರು. ಅಮ್ಮ ಮೆಲ್ಲಗೆ, ಮಗುವಿಗೆ ತಿಳಿಹೇಳುವ ಹಾಗೆ ಹೇಳಿದಳು: "ಜೀವಮಾನ ಪೂರ್ತಿ ಬಸ್ಸಿನ ಒಳಗಡೆ ಮುಖ ಮಾಡಿ ನಿಂತಿದ್ದೆ ಪುಟ್ಟಿ. ಮಿಲ್ ರಸ್ತೇಲಿ ಮರ ಇದೆಯಾ ಕಂಬ ಇದೆಯಾ ಕೇಳು, ನನಗೆ ಗೊತ್ತಿಲ್ಲ. ಅಲ್ಲಿಗೆ ಹೋದ್ರೆ ಅಂಗಾತ ಮಲಗಿಸಿ ಸೂರು ನೋಡು ಅಂತಾರೆ. ಇವತ್ತು ಬೇಡ."

"ನಾಳೆ?"

"ನಾಳೆನೂ ಬೇಡ."

ಹೇಳಿ, ತನ್ನ ಬಸ್ಸಿನಲ್ಲಿ ರೈಟ್ ಕೊಡುವ ಹಾಗೆ, ಮುಂದಿನ ಸೀಟಿನ ಬೆನ್ನಿಗೆ ಗೆಣ್ಣಿನಿಂದ ಎರಡು ಸಲ ತಟ್ಟಿದಳು. ಆ ಬಸ್ಸಿನಲ್ಲಿ ಅದನ್ನು ಕೇಳುವವರು ಯಾರೂ ಇರಲಿಲ್ಲ. ಆದರೂ ಬಾಗಿಲು ಮುಚ್ಚಿಕೊಂಡು ಬಸ್ಸು ಹೊರಟಿತು. "ನೋಡಿದ್ಯಾ?" ಎಂದು ಅಮ್ಮ ಹಲ್ಲು ಬಿಟ್ಟಳು.

ಮಗಳಿಗೆ ಮೈಯೆಲ್ಲ ಉರಿಯಿತು. ಆಸ್ಪತ್ರೆಯ ಬೂದು ಬಣ್ಣದ ಕಟ್ಟಡ ಹಿಂದೆ ಸರಿಯುವುದನ್ನೇ ನೋಡುತ್ತ ಕೂತಳು. ಅದು ಮರೆಯಾಗುತ್ತಿದ್ದಂತೆ ಸಿಟ್ಟಿನ ಅಡಿಯಲ್ಲಿ ಇನ್ನೇನೋ ಆಯಿತು. ಮೈ ಹಗುರಾಯಿತು. ಆ ಕಟ್ಟಡಕ್ಕೆ ಅವಳೂ ಹೆದರಿದ್ದಳು. ಅಂದಿನಿಂದ ಅವಳನ್ನು ಕೊರೆಯುತ್ತಿದ್ದುದು ಆ ಹಗುರ. ಅಮ್ಮ ಇಳಿಯಲಿಲ್ಲವೋ, ತಾನೇ ಇಳಿಸಲಿಲ್ಲವೋ?

ಎರಡು ದಿನವೂ ಬಸ್ಸಿನಲ್ಲೇ ಕಳೆದವು. ಒಂದು ಬಸ್ಸಿನ ಕೊನೆಯ ನಿಲ್ದಾಣದವರೆಗೆ ಹೋಗಿ, ಇನ್ನೊಂದು ಹತ್ತಿ ವಾಪಸು ಬರುವುದು. ಗೋಪುರವನ್ನೂ ಅಮ್ಮ ಕಿಟಕಿಯಿಂದಲೇ ನೋಡಿದಳು. "ಅದರ ಮೇಲೆ ಹತ್ತಿದ್ರೆ ಅದೇ ಕಾಣ್ತಿರಲಿಲ್ಲ," ಎಂದಳು.

ಊರಿಗೆ ಹೊರಡುವಾಗ ಅಮ್ಮ ಮಗಳಿಂದ ಒಂದು ಮಾತು ತೆಗೆದುಕೊಂಡಳು. "ಅಣ್ಣನಿಗೆ ಹೇಳಬೇಡ. ಡಾಕ್ಟರು ಏನೂ ಇಲ್ಲ ಅಂದ್ರು ಅನ್ನು. ಅವನು ರಿಪೇರಿ ಮಾಡೋನು. ಕೆಟ್ಟಿದ್ದೆಲ್ಲಾ ಸರಿಹೋಗುತ್ತೆ ಅಂದ್ಕೊಂಡಿದಾನೆ. ನಿಜ ಹೇಳಿದ್ರೆ ದಿನಾ ನನ್ನ ಮುಂದೆ ಕೂತು ಅಳ್ತಾನೆ. ಅವನಿಗೆ ಇದನ್ನ ಹೊರೋಕಾಗಲ್ಲ, ನಿನಗಾಗುತ್ತೆ."

* * *

"ಅವಳು ಇಳೀಲಿಲ್ಲ ಅಣ್ಣ," ಎಂದಳು ತಂಗಿ. "ಕೈ ಹಿಡಿದು ಎಳೆದೆ. ಇಳೀಲಿಲ್ಲ."

"ಹೊತ್ಕೊಂಡು ಇಳೀಬೇಕಿತ್ತು!" ಅಣ್ಣನ ಧ್ವನಿ ಒಡೆಯಿತು. "ಸರಿ, ಇಳೀಲಿಲ್ಲ. ಬಂದು ನನಗೆ ಹೇಳೋಕೆ ಏನಾಗಿತ್ತು? ನಾನೇ ಕರ್ಕೊಂಡು ಹೋಗ್ತಿದ್ದೆ. ಬದುಕಿರ್ತಿದ್ಲು ಕಣೇ. ಹೃದಯದ ವಾಲ್ವ್ ಬದಲಾಯಿಸಿದ್ರೆ ಇನ್ನೂ ಹತ್ತು ವರ್ಷ ಬದುಕಿರ್ತಿದ್ಲು!"

ಇರುತ್ತಿದ್ದಳೋ ಏನೋ.

"ಏನೂ ತೊಂದರೆ ಇಲ್ಲ ಅಂದ್ರು ಅಂತ ನನ್ನ ಮುಖ ನೋಡ್ಕೊಂಡೇ ಹೇಳಿದ್ಯಲ್ಲ. ಆ ಸುಳ್ಳು ಯಾರದ್ದು? ಅಮ್ಮ ಹೇಳ್ಕೊಟ್ಳಾ?"

ಅವಳು ಅವನ ಕೈಗಳನ್ನು ನೋಡಿದಳು. ಎಷ್ಟು ತೊಳೆದರೂ ಗ್ರೀಸಿನ ಕಪ್ಪು ಉಗುರಿನ ಅಂಚಿನಲ್ಲಿ ಉಳಿದಿತ್ತು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳ ತಲೆಯ ಭಾರ ಇಳಿದು, 'ಅಮ್ಮ ನಿನ್ನನ್ನು ನಂಬಲಿಲ್ಲ' ಎನ್ನುವ ಮಾತು ಅವನ ತಲೆಗೇರುತ್ತಿತ್ತು.

"ಇಲ್ಲ," ಎಂದಳು. "ನಂದೇ."

ಅಣ್ಣ ಫೋನನ್ನು ಜೇಬಿಗೆ ತುರುಕಿದ. ಆಮೇಲೆ ಹೇಳಿದ: "ಅಮ್ಮನನ್ನ ಒಯ್ಯೋಕೆ ಬಸ್ಸು ಬಂದಿದೆ. ನೀನು ಹತ್ತಬೇಡ. ನೀನು ಹತ್ತಿದ್ರೆ ನಾನು ಇಳೀತೀನಿ. ಸ್ಮಶಾನದಲ್ಲಿ ಜನರ ಮುಂದೆ ನಿನ್ನ ಪಕ್ಕ ನಿಲ್ಲೋಕೆ ನನ್ನಿಂದ ಆಗಲ್ಲ."

ಅವನು ಹೋದ ಮೇಲೆ ಅವಳು ತೊಟ್ಟಿಯ ಅಂಚು ಹಿಡಿದು ನಿಂತಳು. ಬೆಳಗಿನಿಂದ ಬಾರದಿದ್ದ ಅಳು ಈಗ ಬಂತು. ಅಮ್ಮ ಹೋಗಿಯಾಗಿತ್ತು. ಇನ್ನು ಅಣ್ಣನೂ ಹೋಗುವವನಿದ್ದ, ಅದೂ ಬದುಕಿದ್ದುಕೊಂಡೇ.

* * *

ಬಸ್ಸು ತಂದವನು ಅಮ್ಮನ ಜೊತೆ ವರ್ಷಾನುಗಟ್ಟಲೆ ಒಂದೇ ಗಾಡಿ ಓಡಿಸಿದ ಡ್ರೈವರ್. ಅವನಿಗೆ ನಿಧಾನಪ್ಪ ಎಂದು ಹೆಸರಿಟ್ಟವಳು ಅಮ್ಮನೇ. ಡಿಪೋದವರನ್ನು ಕಾಡಿ ಬೇಡಿ ಹಳೇ ಬಸ್ಸೊಂದನ್ನು ಕೇಳಿಕೊಂಡು, ಒಂದು ಬದಿಯ ಸೀಟುಗಳನ್ನು ಬಿಚ್ಚಿಸಿ ತಂದಿದ್ದ.

"ಅವಳನ್ನ ಕಂಡೋರ ವ್ಯಾನಲ್ಲಿ ಕಳಿಸೋಕೆ ಮನಸ್ಸು ಬರಲಿಲ್ಲಮ್ಮ," ಎಂದ ರೈಟಮ್ಮನ ಮಗಳಿಗೆ. "ಬೈತಿದ್ಲು. ಬೈದೂ ಬೈದೂ ನನಗೆ ಡ್ರೈವಿಂಗ್ ಕಲಿಸಿದೋಳು."

ಅವರಿಬ್ಬರೂ ದುಡಿದ ಆ ಕಾಲದ ಬಸ್ಸಿನಲ್ಲಿ ಸಿಳ್ಳೆ ಇರಲಿಲ್ಲ, ಗಂಟೆ ಇರಲಿಲ್ಲ. ಹಿಂಬಾಗಿಲ ಬಳಿ ನಿಂತು ಅಮ್ಮ ತಗಡಿಗೆ ಮುಷ್ಟಿಯಿಂದ ತಟ್ಟುತ್ತಿದ್ದಳು. ಒಂದು ಸಲ ತಟ್ಟಿದರೆ ನಿಲ್ಲಿಸು, ಎರಡು ಸಲ ತಟ್ಟಿದರೆ ಹೊರಡು. ಶಾಲೆ ಬಿಟ್ಟ ಮೇಲೆ ಅಣ್ಣತಂಗಿಯರು ಹಿಂದಿನ ಸೀಟಿನಲ್ಲಿ ಕೂತು ಅಮ್ಮನ ಪಾಳಿ ಮುಗಿಯುವುದನ್ನು ಕಾಯುವಾಗ, ತಟ್ಟುವ ಕೆಲಸ ಅಣ್ಣನದು. ಆಗ ಅವನು ಪಕ್ಕಾ ಸರ್ವಾಧಿಕಾರಿ. ಆದರೆ ಒಂದು ವಿಷಯದಲ್ಲಿ ಮಾತ್ರ ಅಮ್ಮ ಅವನ ಮಾತು ಕೇಳುತ್ತಿರಲಿಲ್ಲ. ಬಸ್ಸು ಹೊರಟ ಮೇಲೆ ಯಾರಾದರೂ ಓಡಿ ಬರುತ್ತಿದ್ದರೆ ನಿಲ್ಲಿಸಲೇಬೇಕು. ಕುಡುಕನಿರಲಿ, ಕಾಲು ಕೆರೆದು ಜಗಳಕ್ಕೆ ಬರುವವನಿರಲಿ. "ನಿಂತೋರನ್ನ ಬಿಟ್ಟು ಹೋಗಬಹುದು. ಓಡಿ ಬರ್ತಿರೋರನ್ನ ಬಿಟ್ಟು ಹೋದ್ರೆ ನಿನ್ನನ್ನೂ ಇಳಿಸ್ತೀನಿ," ಎನ್ನುತ್ತಿದ್ದಳು.

ಅಮ್ಮನನ್ನು ಹೊತ್ತು ತಂದು ಬಸ್ಸಿನೊಳಗೆ ಮಲಗಿಸಿದರು. ಜನ ಹತ್ತಿದರು. ಅವಳು ಮನೆಯ ಮೆಟ್ಟಿಲ ಮೇಲೇ ನಿಂತಿದ್ದಳು.

"ಬಾರೇ, ಏನು ಕಂಬದ ಹಾಗೆ ನಿಂತಿದೀಯ?" ಚಿಕ್ಕಮ್ಮ ಬಾಗಿಲಿನಿಂದ ಕೂಗಿದಳು.

"ನೀವು ನಡೀರಿ. ಮನೆಗೆ ಬೀಗ ಹಾಕಿ ಆಟೋದಲ್ಲಿ ಬರ್ತೀನಿ."

"ಬೀಗ? ಈ ಮನೇಲಿ ಕದಿಯೋಕೆ ಏನಿದೆ?"

ಚಿಕ್ಕಮ್ಮ ಅಣ್ಣನ ಮುಖ ನೋಡಿದಳು, ತಂಗಿಯ ಮುಖ ನೋಡಿದಳು, ಏನೋ ಅರ್ಥವಾದವಳಂತೆ ಬಾಯಿ ಮುಚ್ಚಿದಳು. ಅಣ್ಣ ಕೊನೆಯವನಾಗಿ ಹತ್ತಿ ಹಿಂಬಾಗಿಲ ಬಳಿ ನಿಂತ. ಎಂಜಿನ್ ಗುರುಗುಟ್ಟುತ್ತಿತ್ತು, ಬಸ್ಸು ಮಾತ್ರ ಹೊರಡಲಿಲ್ಲ. ನಿಧಾನಪ್ಪ ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತಿದ್ದ.

"ಯಾಕಣ್ಣ, ಕೆಟ್ಟೋಯ್ತಾ?" ಯಾರೋ ಕೇಳಿದರು.

"ಇಲ್ಲಪ್ಪ," ಎಂದ ಅವನು, ಹಿಂದೆ ತಿರುಗದೆ. "ಯಾರಾದ್ರೂ ತಟ್ಟಿ. ತಟ್ಟದೆ ಕಾಲು ಏಳ್ತಾ ಇಲ್ಲ."

ಬಸ್ಸಿನೊಳಗೆ ಒಬ್ಬ ಹೆಂಗಸು ಬಿಕ್ಕಿದಳು. ಅಣ್ಣ ತಗಡಿಗೆ ಎರಡು ಸಲ ತಟ್ಟಿದ. ಬಸ್ಸು ಹೊರಟಿತು.

ಅದು ಬೀದಿಯ ಅರ್ಧ ದಾಟುವವರೆಗೂ ಅವಳು ನಿಂತೇ ನೋಡಿದಳು. ಹಿಂಬಾಗಿಲಲ್ಲಿ ಅಣ್ಣನ ಬೆನ್ನು ಸಣ್ಣದಾಗುತ್ತಿತ್ತು. ನಿಂತವರನ್ನು ಬಿಟ್ಟು ಹೋಗಬಹುದು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

ನಲವತ್ತು ದಾಟಿದ ಹೆಂಗಸು ಹಾಡುಹಗಲಲ್ಲಿ ಬೀದಿಯ ನಡುವೆ ಓಡುತ್ತಿದ್ದಳು. ಅಂಗಡಿಯವರು ಹೊರಗೆ ಬಂದು ನೋಡಿದರು. ಚಪ್ಪಲಿ ಒಂದು ಕಾಲಿನಿಂದ ಕಳಚಿತು, ಅವಳು ನಿಲ್ಲಲಿಲ್ಲ. ನಿಧಾನಪ್ಪನಿಗೆ ಕನ್ನಡಿಯಲ್ಲಿ ಖಂಡಿತ ಕಂಡಿರಬೇಕು. ಆದರೆ ಅವನು ತಟ್ಟದೆ ನಿಲ್ಲಿಸುವ ಡ್ರೈವರ್ ಅಲ್ಲ. ಬಸ್ಸು ತಿರುವಿನ ಹತ್ತಿರ ಬಂತು. ತಿರುಗಿದರೆ ಮುಗಿಯಿತು. ಉಸಿರು ಸಾಲದೆ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಅಮ್ಮನಿಗೂ ಹೀಗೇ ಆಗುತ್ತಿತ್ತೇನೋ.

ಢಣ್ ಎಂದು ತಗಡು ಒಂದೇ ಒಂದು ಸಲ ಸದ್ದು ಮಾಡಿತು.

ಬ್ರೇಕ್ ಕಿರುಚಿತು. ಬಸ್ಸು ತಿರುವಿನಲ್ಲಿ ನಿಂತಿತು.

ಅವಳು ಹೋಗಿ ಹಿಂಬಾಗಿಲ ಕಂಬಿ ಹಿಡಿದಳು. ಅಣ್ಣ ತಿರುಗಿ ನೋಡಲಿಲ್ಲ, ಕೈಯನ್ನೂ ಕೊಡಲಿಲ್ಲ. ಮೆಟ್ಟಿಲಿನಿಂದ ಒಂದು ಹೆಜ್ಜೆ ಸರಿದು ದಾರಿ ಬಿಟ್ಟ. ಅಮ್ಮನ ಪಕ್ಕದಲ್ಲಿದ್ದ ಕಿಟಕಿ ಸೀಟಿನ ಮೇಲೆ ಅವನ ಚೀಲವಿತ್ತು. ಅದನ್ನೆತ್ತಿ ಕೆಳಗಿಟ್ಟ. ಅವಳು ಕೂತಳು, ಒಂದೇ ಕಾಲಿನಲ್ಲಿ ಚಪ್ಪಲಿ.

ಅವನು ತಗಡಿಗೆ ಎರಡು ಸಲ ತಟ್ಟಿದ. ಬಸ್ಸು ತಿರುವು ದಾಟಿ ಮಿಲ್ ರಸ್ತೆಗೆ ಬಂತು. ಕಿಟಕಿಯ ಹೊರಗೆ ಮರಗಳಿದ್ದವು, ಸಾಲಾಗಿ, ಉದ್ದಕ್ಕೂ. ಅಣ್ಣ ರಸ್ತೆಗೆ ಬೆನ್ನು ಮಾಡಿ, ಬಸ್ಸಿನ ಒಳಗಡೆ ಮುಖ ಮಾಡಿ ನಿಂತಿದ್ದ. ತಟ್ಟಿದ ಮುಷ್ಟಿ ಇನ್ನೂ ತಗಡಿನ ಮೇಲೇ ಇತ್ತು.